ಬಿಸಿಲೂರಿನಲ್ಲಿ ಒಂದು ದಿನ

ರೀ,

ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬರುತ್ತೇನೆ. ಹಾಲು ಕಾಯಿಸಿಟ್ಟಿದ್ದೇನೆ, ಮಾತ್ರೆ ಲೋಟದ ಪಕ್ಕದಲ್ಲಿದೆ.

ಟಿಕೆಟ್ ಮಾಡುವ ಹುಡುಗಿ ಫೋನ್ ಮಾಡುತ್ತಾಳೆ. ಮಗಳ ಮನೆಗೆ ಹೋಗುವ ದಾರಿಯಲ್ಲಿ ಆ ಮರುಭೂಮಿಯ ಊರಿನಲ್ಲಿ ಒಂದು ದಿನ ಇಳಿಯುತ್ತೇವೋ, ವಿಮಾನ ನಿಲ್ದಾಣದಲ್ಲೇ ಕೂತು ಮುಂದೆ ಹೋಗುತ್ತೇವೋ, ಇವತ್ತೇ ಹೇಳಬೇಕಂತೆ.

"ಈ ಬೇಸಿಗೆಯಲ್ಲಿ ಅಲ್ಲಿ ಇಳಿಯೋಕೆ ನಿನಗೇನು ತಲೆ ಕೆಟ್ಟಿದೆಯಾ?" ಅಂದಿರಿ. ಕೆಟ್ಟಿಲ್ಲ, ಕುತೂಹಲ ಅಷ್ಟೆ. ಅಲ್ಲಿದ್ದು ಬಂದ ಪಕ್ಕದ ಮನೆಯ ನರ್ಸ್ ಹೇಳಿದಳು, ಬೇಸಿಗೆಯಲ್ಲಿ ತಾರಸಿಯ ಟ್ಯಾಂಕ್ ಕಾದು ತಣ್ಣೀರಿನ ನಲ್ಲಿಯಲ್ಲೂ ಸುಡುವ ನೀರು ಬರುತ್ತದಂತೆ. ಅದಕ್ಕೇ ಗೀಸರ್ ಆರಿಸಿಟ್ಟು, ಅದರೊಳಗೆ ಆರಿದ ನೀರಿನಲ್ಲಿ ಸ್ನಾನ ಮಾಡುತ್ತಾರಂತೆ! ಕೆಲವರು ದಾರಿಹೋಕರಿಗೆಂದು ಮನೆಯ ಹೊರಗೆ ತಣ್ಣನೆಯ ನೀರು ಇಡುತ್ತಾರಂತೆ. ಅದರಲ್ಲಿ ಒಂದು ಲೋಟ ಕುಡಿಯಬೇಕು ನನಗೆ. ಬೆಳಗಿನ ಜಾವ ಸುತ್ತಾಡೋಣ, ಹಗಲೆಲ್ಲ ನೀವು ಕೋಣೆಯಲ್ಲಿ ಗೊರಕೆ ಹೊಡೆಯಿರಿ. ಮುಂದಿನ ಬೇಸಿಗೆಯವರೆಗೆ ನನ್ನ ಕಣ್ಣು ಕಾಯುವ ಹಾಗಿಲ್ಲ, ನಿಮಗೂ ಗೊತ್ತು.

ಅಂದಹಾಗೆ, ಕಡ್ಡಿ ಮುರಿದಿದ್ದ ನನ್ನ ಕೊಡೆ ರಿಪೇರಿಯಾಗಿ ಬಾಗಿಲ ಹಿಂದೆ ನಿಂತಿದೆ. ರಿಪೇರಿಗೆ ಕೊಟ್ಟವಳು ನಾನಲ್ಲ, ಮಳೆಯ ಸುಳಿವೂ ಇಲ್ಲ. ಯಾವ ಊರಿನ ಬಿಸಿಲಿಗೋ?

ಆ ಹುಡುಗಿಗೆ ಸ್ವಲ್ಪ ಗಟ್ಟಿಯಾಗಿ ಹ್ಞೂಂ ಅನ್ನಿ. ನಿಮ್ಮ ಹ್ಞೂಂ ನನಗೊಬ್ಬಳಿಗೇ ಕೇಳಿಸುವುದು.