ಅವ್ವನ ನೇರಳೆ ಹವಳ

ಅವ್ವಾ,

ಮೊದಲು ಬೈದುಬಿಡುತ್ತೇನೆ, ಆಮೇಲೆ ಸಮಾಚಾರ. ಹಜಾರದ ನಿನ್ನ ಉಪ್ಪುನೀರಿನ ಮೀನಿನ ತೊಟ್ಟಿಯಲ್ಲಿ ಅನಿಮೋನ್ ಎಂಬ ಆ ಕಂದು ಕಡಲಜೀವಿ ಮೊದಲ ಸಲ ಕಾಣಿಸಿದ ದಿನ ನೆನಪಿದೆಯಾ? ತೊಟ್ಟಿಗೆಂದು ತಂದ ಕಲ್ಲಿಗೆ ಅಂಟಿಕೊಂಡು ಬಂದಿತ್ತು. "ನೋಡೇ, ಕಲ್ಲಲ್ಲಿ ಹೂ ಬುಟ್ಟೈತೆ!" ಎಂದು ಹೊನ್ನವಳ್ಳಿಯ ಅರ್ಧ ಬೀದಿಯನ್ನೇ ಕರೆದು ತೋರಿಸಿದೆ. ಆ ಹೂವೇ, ತೊಟ್ಟಿಯಲ್ಲಿ ಜೀವಂತವಾಗಿ ಅರಳಿ ನಿಂತಿದ್ದ ನಿನ್ನ ಮುದ್ದಿನ ನೇರಳೆ ಹವಳವನ್ನು ಕುಟುಕಿ ಮುದುಡಿಸಿತು. ಆಗ ಬಂತು ನೋಡು ನಿನಗೆ ಸಿಟ್ಟು.

ಸೆರಗು ಸಿಕ್ಕಿಸಿ, ತೋಟದಲ್ಲಿ ಕಳೆ ಕೀಳುವ ಹಾಗೆ ತೊಟ್ಟಿಗೆ ಕೈ ಹಾಕಿದೆಯಲ್ಲ, ಅಲ್ಲೇ ಕೆಟ್ಟಿದ್ದು. "ಬುಡಸಮೇತ ಕಿತ್ತಾಕಿದೀನಿ, ಇನ್ನು ಬರಲ್ಲ ಕಣೇ" ಎಂದು ಗೆದ್ದವಳಂತೆ ಕೈ ಒರೆಸಿಕೊಂಡೆ. ಹರಿದ ಚೂರುಚೂರೂ ಒಂದೊಂದು ಅನಿಮೋನ್ ಆಯಿತು! ಮೇಲಿಂದ "ಹಸ್ಕೊಂಡವೆ ಪಾಪ" ಎಂದು ನೆಂಟರಿಗೆ ಬಡಿಸಿದ ಹಾಗೆ ಮೀನಿಗೆ ತಿಂಡಿ ಸುರಿಯುತ್ತಿದ್ದೆ. ಮೀನು ಬಿಟ್ಟಿದ್ದನ್ನೆಲ್ಲ ತಿಂದು ಅವು ಕೊಬ್ಬಿದವು. ನಿನಗೆ ಹೇಳುವವರು ಯಾರು?

ಕೊನೆಕೊನೆಗೆ ನೀನು ಹಾಸಿಗೆಯಿಂದಲೇ ಕೇಳುತ್ತಿದ್ದೆ: "ಹವಳ ಅರಳ್ತೇನೇ?" ಇಲ್ಲ ಎನ್ನಲಾರದೆ "ನಾಳೆ ನೋಡಾಣ" ಎನ್ನುತ್ತಿದ್ದೆ. ಔಷಧಿ ಚುಚ್ಚಿ ಆ ಅನಿಮೋನ್‌ಗಳನ್ನು ಸಾಯಿಸಲಾ ಎಂದರೆ, "ವಿಷಗಿಷ ಬ್ಯಾಡ. ಅವುನ್ನ ತಿನ್ನೋವು ಯಾವಾದ್ರೂ ಇರ್ತವೆ, ಹುಡುಕು" ಎಂದೆ. ನೀನು ಹೋದಾಗಲೂ ಹವಳ ಮುದುಡಿಯೇ ಇತ್ತು. ಅದೊಂದು ನನಗೆ...

ತೆಂಗಿಗೆ ಕಪ್ಪುತಲೆ ಹುಳ ಬಿದ್ದು ಗರಿಗಳು ಸುಟ್ಟಂತಾದ ವರ್ಷ ನೀನು ಏನು ಮಾಡಿದ್ದೆ ಹೇಳು? ಆ ಹುಳವನ್ನು ಕೊಲ್ಲುವ ಪುಟ್ಟ ಕೀಟಗಳನ್ನು ತಿಪಟೂರಿನಿಂದ ತಂದು ಮರಗಳಿಗೆ ಬಿಟ್ಟೆ. "ಹುಳ ಬಿದ್ದಿರೋ ತೋಟಕ್ಕೆ ಇನ್ನಷ್ಟು ಹುಳ ಬುಡ್ತೀಯಲ್ಲ ತಾಯಿ!" ಎಂದು ಪಕ್ಕದ ತೋಟದವರು ನಕ್ಕಿದ್ದರು. ಹೊಸ ಗರಿ ಹಸಿರಾಗಿ ಬಂದ ಮೇಲೆ ಅವರೂ ತಂದು ಬಿಟ್ಟರು.

ನಾನೂ ಹಾಗೇ ಮಾಡಿದೆ. ಅನಿಮೋನ್ ತಿನ್ನುವ ಕೆಂಪು ಗೆರೆಯ ಸಿಗಡಿಗಳನ್ನು ತರಿಸಿ ತೊಟ್ಟಿಗೆ ಬಿಟ್ಟೆ. ಮೀನಿನ ತಿಂಡಿಯನ್ನೂ ಕಡಿಮೆ ಮಾಡಿದೆ. ಹೊಟ್ಟೆ ತುಂಬಿದ ಸಿಗಡಿ ಕೆಲಸ ಮಾಡೀತೇ? ಮೊದಮೊದಲು ಸಂದಿ ಸೇರಿ ಕೂತಿದ್ದವು, ಸೋಮಾರಿಗಳು. ನಿನ್ನ ಹಾಗೇ ಬೈದೆ. ಆಮೇಲೆ ಸಣ್ಣ ಅನಿಮೋನ್‌ಗಳೆಲ್ಲ ಒಂದೊಂದಾಗಿ ಮಾಯವಾದವು. ದೊಡ್ಡವು ಒಂದೆರಡು ಕಲ್ಲಿನ ಹಿಂದೆ ಉಳಿದಿವೆ, ಇರಲಿ ಬಿಡು, ಕೀಳಲು ಹೋಗುವುದಿಲ್ಲ.

ಈಗ ಕೇಳು. ಇವತ್ತು ಬೆಳಿಗ್ಗೆ ತೊಟ್ಟಿಯ ದೀಪ ಹಾಕಿ ನೋಡುತ್ತೇನೆ, "ಹವಳ ಅರಳೈತೆ ಕಣವ್ವಾ!" ಎಂದು ನಿನ್ನ ಕೋಣೆಯ ಕಡೆ ತಿರುಗಿ ಕೂಗಿಯೇಬಿಟ್ಟೆ. ಆಮೇಲೆ ಮೀನುಗಳಿಗೆ ಒಂದು ಚಿಟಿಕೆ ತಿಂಡಿ ಜಾಸ್ತಿ ಹಾಕಿದೆ, ನಿನ್ನ ಕೈಯದು ಅಂತ. ಇವತ್ತೊಂದು ದಿನ ಮಾತ್ರ.