ನಾಲ್ಕು ಮಡಿಕೆಯ ರೊಟ್ಟಿ

ಗದಗ-ಬೆಟಗೇರಿ, ಫೆಬ್ರವರಿ ೩೦, ೨೧೭೮

ಹಿಂದಿನವರಿಗೆಲ್ಲ ಶರಣು. ತಾರೀಖು ನೋಡಿ ನಗಬೇಡಿ. ಮೇ ತಿಂಗಳ ಬಿಸಿಲು ತಾಳಲಾರದೆ ಅದರಿಂದ ಎರಡು ದಿನ ಕಿತ್ತು ಫೆಬ್ರವರಿಗೆ ಕೊಟ್ಟಿದ್ದೇವೆ, ಬಿಸಿಲೇನೂ ಕಡಿಮೆಯಾಗಿಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ನೀಲಗಂಗವ್ವ. ಬಿಸಿಲಿಗೆ ಹೆದರಿ ನೆಲದಡಿ ಕಟ್ಟಿಕೊಂಡ ಕಟ್ಟಡಗಳಿಗೆ ನಾವು ನೆಲಮನೆ ಎನ್ನುತ್ತೇವೆ. ಅಂಥದೊಂದು ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದೇನೆ. ಒಳಗೆ ಅಡುಗೆಯವರನ್ನು ಆರಿಸುತ್ತಿದ್ದಾರೆ, ನನ್ನ ತಮ್ಮ ಫಕೀರೇಶನೂ ನಿಂತಿದ್ದಾನೆ.

ನಿಮ್ಮ ಕಾಲದಲ್ಲಿ ಕೆಲಸ ಕೇಳಿ ಬಂದವರನ್ನು ಮೊದಲೇ ಜೈಲಿಗೆ ಹೋಗಿದ್ದೆಯಾ ಎಂದು ಕೇಳಿ, ಹೌದೆಂದರೆ ಬಾಗಿಲಿನಿಂದಲೇ ಅಟ್ಟುತ್ತಿದ್ದರಂತೆ. ನಮ್ಮಲ್ಲಿ ‘ಕೈಮುಂದು’ ಎಂಬ ಕಟ್ಟಳೆಯಿದೆ. ಕೆಲಸ ಬೇಡುವವರು ಪರದೆಯ ಹಿಂದೆ ನಿಂತು ಕೆಲಸ ಮಾಡಿ ತೋರಿಸಬೇಕು. ಆರಿಸಲು ಕೂತ ಹಿರಿಯರು ‘ಆಗಬಹುದು’ ಎಂದ ಮೇಲೆಯೇ ಪರದೆ ಸರಿಯುತ್ತದೆ. ಆಗ ಅವರು ತಮ್ಮ ಹಳೆಯದನ್ನು ತಾವೇ ಬಾಯಿಬಿಟ್ಟು ಹೇಳುತ್ತಾರೆ. ಅದು ಈ ಕೆಲಸಕ್ಕೆ ಹೇಗೆ ಅಡ್ಡಿ ಎಂದು ಅವರೆದುರೇ ವಿವರಿಸದೆ ಯಾರೂ ಬೇಡ ಎನ್ನುವಂತಿಲ್ಲ.

ಫಕೀರೇಶ ಸಾಚಾ ಎಂದು ನಾನು ಹೇಳುವುದಿಲ್ಲ. ಹರೆಯದ ಸಿಟ್ಟಿನಲ್ಲಿ ಜಗಳಕ್ಕೆ ಬಿದ್ದು ಒಬ್ಬನ ಕಣ್ಣು ತೆಗೆದ. ಆರು ವರ್ಷ ಒಳಗಿದ್ದ. ರೊಟ್ಟಿ ಬಡಿಯಲು ಕಲಿತದ್ದೂ ಅಲ್ಲಿಯ ಅಡುಗೆಮನೆಯಲ್ಲೇ. ಹೊರಗೆ ಬಂದು ಎರಡು ಕಡೆ ಪರದೆಯ ಹಿಂದೆ ನಿಂತ. ಕೈ ನಡುಗಿ ರೊಟ್ಟಿ ಹರಿದವು. ಈ ಸಲವೂ ಆಗದಿದ್ದರೆ ಊರೇ ಬಿಡುತ್ತೇನೆ ಎಂದಿದ್ದಾನೆ. ಇಂದು ಮೆಟ್ಟಿಲಿಳಿಯುವಾಗ “ಅಕ್ಕಾ, ಕೈ ನಡಗಾಕತ್ತಾವು” ಎಂದ. “ಸುಮ್ಮನ ಬಡಿಯಪಾ! ನಿನ್ನ ಕಥಿ ಕೈಗೇನ ಗೊತ್ತೈತಿ?” ಎಂದು ಗದರಿದೆ.

ಅಯ್ಯೋ ಶಿವನೇ, ಕೈಗೆ ಗೊತ್ತಿತ್ತು! ಜೈಲಿನ ಬಾಗಿಲಲ್ಲಿ ಊಟ ಕೊಡುವ ಕಂಡಿ ಅಂಗೈಯಗಲ. ಇಡೀ ರೊಟ್ಟಿ ತೂರುವುದಿಲ್ಲವೆಂದು ಅಲ್ಲಿ ಬಿಸಿಯಿರುವಾಗಲೇ ನಾಲ್ಕು ಮಡಿಕೆ ಮಾಡುತ್ತಾರೆ. ಊರಿನ ಯಾವ ಮನೆಯಲ್ಲೂ ಹಾಗೆ ಮಡಿಸುವುದಿಲ್ಲ, ಇದು ಜೈಲಿನ ಮಡಿಕೆಯೆಂದು ಎಲ್ಲರಿಗೂ ಗೊತ್ತು. ಬೆಳಕಿಂಡಿಯಿಂದ ನೋಡಿದೆ: ಪರದೆಯಡಿಯಿಂದ ಬಂದ ಅವನ ತಟ್ಟೆಯಲ್ಲಿ ಒಂದೂ ಹರಿಯದ ರೊಟ್ಟಿಗಳು, ಎಲ್ಲವೂ ನಾಲ್ಕು ಮಡಿಕೆ. ಹಿರಿಯರು ಮುಖ ಮುಖ ನೋಡಿಕೊಂಡರು. ಮೀಸೆಯವನೊಬ್ಬ ಮುಟ್ಟದೆಯೇ ತಟ್ಟೆಯನ್ನು ದೂರ ಸರಿಸಿದ. ಪರದೆ ಸರಿಯುವ ಮೊದಲು ಹಳೆಯದನ್ನು ಕೇಳುವಂತಿಲ್ಲ ನಿಜ, ಕೇಳುವುದಾದರೂ ಏನು ಉಳಿದಿತ್ತು?

ಆಗ ಹಿರಿಯರಲ್ಲಿ ಎಲ್ಲರಿಗಿಂತ ದೊಡ್ಡವಳಾದ ದ್ಯಾಮವ್ವ ಎದ್ದಳು. ಉಳಿದವರು ಬಡಿದ ರೊಟ್ಟಿಗಳನ್ನೂ ಒಂದೊಂದಾಗಿ ನಾಲ್ಕು ಮಡಿಕೆ ಮಾಡಿದಳು. ಎಲ್ಲರಿಗೂ ಬೆನ್ನು ತಿರುಗಿಸಿ ತಟ್ಟೆಗಳನ್ನು ಅದಲುಬದಲು ಮಾಡಿಟ್ಟಳು. ಯಾರ ತಟ್ಟೆಯೆಂಬ ಗುರುತು ಅಡಿಯಲ್ಲಷ್ಟೇ ಇದೆ. “ಈಗ ತಿಂದ ಹೇಳ್ರಿ” ಎಂದಳು.

ತಿನ್ನುತ್ತಿದ್ದಾರೆ. ನನಗೆ ಇಲ್ಲಿ ಕೂರಲಾಗುತ್ತಿಲ್ಲ.

ಕಟ್ಟಳೆಗೆ ಮೊದಲ ಅಕ್ಷರ ಬರೆಯುವವರು ನೀವು. ಪರದೆ ಕಟ್ಟಿ ಕೈತೊಳೆದುಕೊಳ್ಳಬೇಡಿ. ಪರದೆಯ ಈಚೆ ಒಬ್ಬ ದ್ಯಾಮವ್ವನನ್ನೂ ಕೂರಿಸಿ. ನಿಮ್ಮಲ್ಲಿಗೆ ಯಾರಾದರೂ ಕೆಲಸ ಕೇಳಿ ಬಂದರೆ ಮೊದಲು ಅವರ ಕೈಯ ರೊಟ್ಟಿ ತಿನ್ನಿ, ಆಮೇಲೆ ಕೇಳಿ. ಇಷ್ಟೇ ನನ್ನ ಬೇಡಿಕೆ.

ಆಗ ತಟ್ಟೆ ಸರಿಸಿದ ಮೀಸೆಯವನು ಈಗ ಒಂದು ತಟ್ಟೆಯಿಂದ ಎರಡನೆಯ ರೊಟ್ಟಿ ತೆಗೆದುಕೊಂಡ. ಅದು ಯಾರದೋ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅಡಿಯ ಗುರುತು ನೋಡಲು ದ್ಯಾಮವ್ವ ಆ ತಟ್ಟೆ ಮಗುಚುತ್ತಿದ್ದಾಳೆ.