ಕೊಕ್ಕರೆಯ ಸುತ್ತಳತೆ

ಫೆಬ್ರವರಿ 9, ಭಾನುವಾರ

ಎರಡು ಪ್ಯಾಂಟು, ಒಂದು ಕೋಟಿನ ತೋಳು ಮುಗಿಯಿತು. ಮೂರನೆಯ ಪ್ಯಾಂಟಿನ ಗಿರಾಕಿಗೆ ಹೊಟ್ಟೆ ಬೆಳೆದಿದೆ. ಪ್ಯಾಂಟೇ ಕುಗ್ಗಿದೆ ಎಂದು ಅವನ ವಾದ. ಒಪ್ಪಿಕೊಂಡೆ. ಗಿರಾಕಿಯ ಹೊಟ್ಟೆಯ ಮೇಲೆ ಹೊಡೆಯಬಾರದು, ನನ್ನ ಹೊಟ್ಟೆಗೇ ಪೆಟ್ಟು.

ಮನೆಗೆ ಬಂದರೆ ಊಟದ ಮೇಜಿನ ಮೇಲೆ ತಟ್ಟೆಗಳ ಬದಲು ಬೈಕುಗಳು. ಬ್ರೋಷರುಗಳನ್ನು ಹರಡಿಕೊಂಡು, ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಂಡು ಕೂತಿದ್ದಾಳೆ ಇವಳು.

"ರೀ, ಇದು ಹೇಗಿದೆ?"

"ಭರ್ಜರಿಯಾಗಿದೆ."

"ತಲೆಕೆಳಗಾಗಿ ಹಿಡಿದಿದೀರ."

ಇವಳು ಜೇನು ಇಲಾಖೆಯ ಸಲಹೆಗಾರ್ತಿ. ತಾರಸಿಯಲ್ಲಿ, ಹಿತ್ತಲಲ್ಲಿ ಜೇನುಪೆಟ್ಟಿಗೆ ಇಟ್ಟವರ ಮನೆಗೆ ಹಳೆಯ ಸ್ಕೂಟರಿನಲ್ಲಿ ಹೋಗಿ ಹುಳುಗಳ ಯೋಗಕ್ಷೇಮ ನೋಡುತ್ತಾಳೆ. ನನ್ನ ಯೋಗಕ್ಷೇಮ ಅಷ್ಟಾಗಿ ವಿಚಾರಿಸಿದ್ದಿಲ್ಲ — ನಾನು ಜೇನು ಕೊಡುವುದಿಲ್ಲ, ಬರೀ ಗುಂಯ್ ಅನ್ನುತ್ತೇನೆ.

ಬೆಟ್ಟದ ಪೆಟ್ಟಿಗೆಗಳನ್ನು ನೋಡಿಕೊಳ್ಳುತ್ತಿದ್ದವರು ನಿವೃತ್ತರಾದರು. ಆ "ಮೇಲಿನ ಸುತ್ತು" ಇವಳಿಗೆ ಬೇಕು. ಸುಮ್ಮನೆ ಬೇಕಲ್ಲ, ವರ್ಷಗಳಿಂದ ಬೇಕು. ಸಾಹೇಬರದು ಒಂದೇ ಷರತ್ತು. ಮಾರ್ಚ್ ಹದಿನೈದಕ್ಕೆ, ಬೆಟ್ಟ ಹೂಬಿಡುವ ಮೊದಲು, ಸ್ವಂತ ಗಾಡಿಯಲ್ಲಿ ಖಾಲಿ ಪೆಟ್ಟಿಗೆ ಕಟ್ಟಿಕೊಂಡು ಒಬ್ಬಳೇ ಹತ್ತಿ ಇಳಿದು ತೋರಿಸಬೇಕು. ಇಲ್ಲವಾದರೆ ಸುತ್ತು ಇನ್ನೊಬ್ಬ ಸಹೋದ್ಯೋಗಿಗೆ. ಅವನು ಆರಡಿ ಆಸಾಮಿ. ಇವಳು ಐದಡಿ — ಅದೂ ಕೋಪ ಬಂದಾಗ.

ಫೆಬ್ರವರಿ 11

ಗಾಡಿ ಒಂದೇ, ಕೆಲಸ ಮೂರು. ವಾರವಿಡೀ ನಗರದ ಟ್ರಾಫಿಕ್ಕಿನಲ್ಲಿ ಆಫೀಸು. ವಾರಕ್ಕೆರಡು ಸಲ ಬೆಟ್ಟದ ಕಲ್ಲುದಾರಿ. ರಜೆ ಸಿಕ್ಕರೆ ದೂರದೂರುಗಳ ಪ್ರವಾಸ. ಆಫೀಸಿಗೂ ಆಗಬೇಕು, ಮದುವೆಗೂ ಆಗಬೇಕು, ಮಲಗುವುದಕ್ಕೂ ಆಗಬೇಕು ಎಂದು ಒಂದೇ ಪ್ಯಾಂಟು ಹೊಲಿಸಲು ಬರುವವರನ್ನು ನಾನು ಬಲ್ಲೆ. ಅಂಥವರಿಗೆ ಟೀ ಕುಡಿಸಿ ಕಳಿಸುತ್ತೇನೆ.

ಅತ್ತೆಯವರು ನಮ್ಮ ಜೊತೆಯಲ್ಲೇ ಇರುವುದು, ಮಗಳ ಮೇಲಿನ ಪ್ರೀತಿಗೆ. ನನ್ನ ಮೇಲೆ ಕಣ್ಣಿಡುವುದಕ್ಕೂ ಇರಬಹುದು. ಬೈಕೆಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಬೈಕೊಂಡೇ ಇರುತ್ತಾರೆ.

"ಮೂರು ಕೆಲಸ ಒಬ್ಬಳೇ ಮಾಡೋದು ಹೆಂಗಸರಿಗೆ ಮಾತ್ರ ಸಾಧ್ಯ ಕಣೇ. ಗಾಡಿಗಲ್ಲ."

"ಅದಕ್ಕೇ ಅಮ್ಮ, ಹೆಂಗಸಿನಂಥ ಗಾಡಿ ಹುಡುಕ್ತಿದೀನಿ."

ಅತ್ತೆ ನನ್ನ ಕಡೆ ನೋಡಿದರು. ಕತ್ತರಿಗೆ ಎಣ್ಣೆ ಹಾಕುತ್ತಾ ಕೂತೆ.

ಫೆಬ್ರವರಿ 16, ಭಾನುವಾರ

ಶೋರೂಮು. ಟೈ ಕಟ್ಟಿದ ಸೇಲ್ಸ್‌ಮನ್ ಒಬ್ಬ ಸಿಕ್ಕಿದ. ಕುತ್ತಿಗೆಗೆ ಟೈ ಬಿಗಿದಿದ್ದರೂ ಮಾತಿಗೆ ಗಂಟಿಲ್ಲ. ಸಿಸಿ, ಟಾರ್ಕು, ಎಬಿಎಸ್ಸು ಎಂದು ಸುರಿಸಿದ. ಇವಳು ಒಂದೊಂದಕ್ಕೂ ಮರುಪ್ರಶ್ನೆ ಹಾಕಿದಳು. ಟೈರಿನ ಹಲ್ಲು, ತಿರುವಿನಲ್ಲಿ ಭಾರ, ಪೆಟ್ಟಿಗೆ ಕಟ್ಟಲು ಹಿಂದೆ ಕಂಬಿ. ಟೈ ಸಡಿಲವಾಯಿತು. ನನಗೆ ಎದೆ ಉಬ್ಬಿತು. ಹೋಲಿಕೆಯಲ್ಲಿ ಇವಳು, ಹೊಲಿಗೆಯಲ್ಲಿ ನಾನು — ಜೋಡಿ ಚೆನ್ನಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಕೊನೆಗೆ ಉಳಿದದ್ದು ಎರಡು. ಒಂದು ತಗ್ಗಾಗಿ, ದಪ್ಪಗೆ, ಹೊಳೆಯುವ ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು. ಎಮ್ಮೆ ಎಂದು ಹೆಸರಿಟ್ಟೆ. ಇನ್ನೊಂದು ಉದ್ದ ಕಾಲು, ಸಣ್ಣ ಸೊಂಟ, ಚೂಪು ಮೂತಿ. ಅದು ಕೊಕ್ಕರೆ. ಇವಳ ಕಣ್ಣು ಕೊಕ್ಕರೆ ಮೇಲೇ. ಅದರ ಹಿಡಿಯನ್ನು ಮುಟ್ಟಿದ ರೀತಿ ನೋಡಿ ಸ್ವಲ್ಪ ಅಸೂಯೆಯೂ ಆಯಿತು.

ಆದರೆ ನಾನು ಮನೆಯಲ್ಲೇ ಇವಳ ಕಾಲಿನ ಒಳಅಳತೆ ತೆಗೆದಿದ್ದೆ, ಪ್ಯಾಂಟಿಗೆ ತೆಗೆಯುವಂತೆ. ಕೊಕ್ಕರೆಯ ಸೀಟಿನ ಎತ್ತರ ಬ್ರೋಷರಿನಲ್ಲೇ ಅಚ್ಚಾಗಿತ್ತು. ಇವಳ ಕಾಲು ಮೂರಿಂಚು ಮೊಟಕು. ಎಮ್ಮೆ ಮಾತ್ರ ಸರಿಹೊಂದುತ್ತದೆ.

"ಒಂದ್ಸಲ ಹತ್ತಿ ನೋಡ್ತೀನಿ ಇರ್ರೀ."

"ಚಿಕ್ಕದು ಅಂತ ಗೊತ್ತಾದ ಮೇಲೆ ಹಾಕ್ಕೊಂಡು ಹರಿಯೋದ್ಯಾಕೆ?"

ಕೊಕ್ಕರೆಯ ಹಿಡಿ ಬಿಟ್ಟಳು. ದಾರಿಯಲ್ಲಿ ಅಂದಳು: "ನಿಮ್ಮ ಅಳತೆ ಇವತ್ತಿನವರೆಗೆ ತಪ್ಪಿದ್ದಿಲ್ಲ. ಅದಕ್ಕೇ ನಿಮ್ಮ ಮಾತು ಕೇಳಿದೆ." ಆಹಾ. ಇಂಥ ಮಾತು ಕೇಳಿ ಎಷ್ಟು ಕಾಲವಾಗಿತ್ತು. ಇಡೀ ಸಂಜೆ ಸಿಳ್ಳೆ ಹಾಕಿದೆ.

ಫೆಬ್ರವರಿ 23, ಸಂಜೆ 6

ಎಮ್ಮೆಯನ್ನು ಶೋರೂಮಿನವರು ಒಂದು ದಿನಕ್ಕೆ ಓಡಿಸಿ ನೋಡಲು ಕೊಟ್ಟಿದ್ದರು. ಬೆಳಗ್ಗೆ ಹೋದವಳು ಈಗ ಬಂದಳು. ಮಂಡಿಯವರೆಗೆ ಧೂಳು. ನೀರು ಕುಡಿದಳು.

ಅತ್ತೆಯೇ ಬಾಯಿ ಬಿಡಿಸಿದರು. ನಗರದಲ್ಲಿ ಎಮ್ಮೆ ಮಹಾರಾಣಿಯಂತೆ ನಡೆಯಿತಂತೆ. ಬೆಟ್ಟದ ದಾರಿಯಲ್ಲಿ ಎರಡೂ ಕಡೆ ಜೀಪಿನ ಚಕ್ರದ ಹಳ್ಳ, ನಡುವೆ ದಿಣ್ಣೆ. ದಿಣ್ಣೆಯ ಮೇಲೆ ಎಮ್ಮೆ ಹೊಟ್ಟೆ ಊರಿ ಕೂತುಬಿಟ್ಟಿತಂತೆ. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಜೇನು ಸಾಕುವ ಇಬ್ಬರು ಬಂದು ಎತ್ತಿ ತಿರುಗಿಸಿಕೊಟ್ಟರಂತೆ.

"ನೀನೇ ಎತ್ತಬಹುದಿತ್ತಲ್ಲ?" ಅಂದೆ. ಮೂರ್ಖ ಪ್ರಶ್ನೆ.

"ನಿಮ್ಮನ್ನಾದ್ರೂ ಎತ್ತಬಹುದು ರೀ. ಅದನ್ನ ಆಗಲ್ಲ."

ಫೆಬ್ರವರಿ 24

ಸುದ್ದಿ ಸಾಹೇಬರ ಕಿವಿಗೆ ಹೋಗಿದೆ. ಜೇನುಹುಳಕ್ಕಿಂತ ಬೇಗ ಹಾರುವುದು ಇದೊಂದೇ. ಕರೆದು ನಯವಾಗಿಯೇ ಹೇಳಿದರಂತೆ: "ಯಾಕಮ್ಮ ಅಷ್ಟು ಕಷ್ಟ? ತಾರಸಿ ಹುಳಗಳಿಗೂ ಯಾರಾದ್ರೂ ಬೇಕಲ್ವಾ?"

ಬೈದಿದ್ದರೆ ಚೆನ್ನಾಗಿತ್ತು. ನಯವಾದ ಮಾತಿನಲ್ಲಿ ಸೂಜಿ ಇರುತ್ತದೆ. ನಾನು ಸೂಜಿಯವನು, ನನಗೆ ಗೊತ್ತು.

ರಾತ್ರಿ ಊಟಕ್ಕೆ ಕೂತಾಗ ಮೇಜಿನ ಮೇಲೆ ಬ್ರೋಷರುಗಳಿರಲಿಲ್ಲ. ಅವು ಇಲ್ಲದ್ದು ಏಕೋ ಚೆನ್ನಾಗಿ ಕಾಣಲಿಲ್ಲ.

ಮಾರ್ಚ್ 1, ಶನಿವಾರ

ನಾಲ್ಕು ದಿನ ಬರೆಯಲಿಲ್ಲ. ಬರೆಯುವಂಥದ್ದು ಇವಳು ಹೇಳಲಿಲ್ಲ. ಇವತ್ತು ಮಧ್ಯಾಹ್ನ ಫೋನು.

"ಟೇಪು ತಗೊಂಡು ಶೋರೂಮಿಗೆ ಬನ್ನಿ."

"ಏನಾಯ್ತು?"

"ಬನ್ನಿ ಅಂದ್ರೆ ಬನ್ನಿ."

ಅರ್ಧ ಕತ್ತರಿಸಿದ ಬಟ್ಟೆ ಬಿಟ್ಟು ಓಡಿದೆ. ಹೋಗಿ ನೋಡಿದರೆ ಇವಳು ಕೊಕ್ಕರೆ ಮೇಲೆ! ಎರಡೂ ಕಾಲಿನ ಬೆರಳುಗಳು ನೆಲಕ್ಕೆ ತಾಗಿವೆ. ಸೊಂಟ ಒಂದು ಕಡೆ ಜರುಗಿಸಿದಳು. ಎಡಪಾದ ಪೂರ್ತಿ ಊರಿತು. ಟೈ ಕಟ್ಟಿದವನು ದೂರದಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದಾನೆ.

"ಒಂದು ಕಾಲು ಸಾಕು ರೀ. ಬಸ್ಸಲ್ಲಿ ಒಂಟಿಕಾಲಲ್ಲಿ ನಿಂತೇ ತಾನೆ ಡಿಗ್ರಿ ಮುಗಿಸಿದ್ದು?"

"ಆದರೆ ಬ್ರೋಷರಿನಲ್ಲಿ..."

"ಬ್ರೋಷರ್ ಬಿಡಿ. ಟೇಪು ಹಿಡೀರಿ."

ಹಿಡಿದೆ. ಈ ಕಡೆಯ ನೆಲದಿಂದ ಶುರುಮಾಡಿ, ಸೀಟಿನ ಮೈಮೇಲೆ ಹಾಯಿಸಿ, ಆ ಕಡೆಯ ನೆಲಕ್ಕೆ ಇಳಿಸಿದೆ. ಪಕ್ಕದ ಎಮ್ಮೆಗೂ ಹಾಗೇ ಮಾಡಿದೆ. ಎರಡಕ್ಕೂ ವ್ಯತ್ಯಾಸ ಒಂದು ಹೆಬ್ಬೆರಳು! ಎಮ್ಮೆ ತಗ್ಗು, ನಿಜ. ಆದರೆ ಅದರ ಸೀಟಿನ ಅಗಲ ತೊಡೆಗಳನ್ನು ಅಗಲಿಸಿ ಕಾಲಿನ ಉದ್ದವನ್ನೆಲ್ಲ ನುಂಗುತ್ತದೆ. ಕೊಕ್ಕರೆ ಎತ್ತರ, ಆದರೆ ಸೊಂಟ ಸಣ್ಣ. ಮೇಲಾಗಿ ಮೇಲೆ ಕೂತರೆ ಸ್ಪ್ರಿಂಗು ಕುಸಿಯುತ್ತದೆ. ಇನ್ನೂ ಒಂದು — ಇವಳ ಕಾಲನ್ನು ಅಳೆದದ್ದು ಬರಿಗಾಲಿನಲ್ಲಿ. ಬೆಟ್ಟಕ್ಕೆ ಇವಳು ಹೋಗುವುದು ದಪ್ಪ ಅಟ್ಟೆಯ ಬೂಟಿನಲ್ಲಿ.

ಅಂಗಡಿಗೆ ಬಂದ ಪ್ರತಿಯೊಬ್ಬರ ಮೈಸುತ್ತ ಟೇಪು ಹಾಯಿಸುವವನು, ಹೆಂಡತಿಯ ಗಾಡಿಯನ್ನು ಮಾತ್ರ ಕಾಗದದ ಮೇಲೆ ಅಳೆದೆ. ಉದ್ದ ಹಿಡಿದೆ, ಸುತ್ತಳತೆ ಬಿಟ್ಟೆ. ನನ್ನ ಅಂಗಡಿಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಕತ್ತರಿ ಕಿತ್ತುಕೊಂಡು ಕಳಿಸುತ್ತಿದ್ದೆ.

"ಬೈಯಲ್ವಾ?" ಕೇಳಿದೆ.

"ಬೈಕು ಸಿಕ್ತಲ್ಲ, ಬೈಯೋದು ಅಮ್ಮನಿಗೆ ಬಿಡ್ತೀನಿ."

ಶ್ಲೇಷೆ! ನನ್ನ ಹೆಂಡತಿ! ಇಷ್ಟು ವರ್ಷ ನನ್ನ ಜೊತೆ ಬಾಳಿದ್ದು ದಂಡವಾಗಲಿಲ್ಲ.

ಮಾರ್ಚ್ 8

ಕೊಕ್ಕರೆ ಬಂದಿತು, ಮನೆಗಿಂತ ಮೊದಲು ನನ್ನ ಅಂಗಡಿಗೆ. ಎದುರು ಅಂಗಡಿಯ ಬೀಗದ ರಿಪೇರಿಯವ ರಸ್ತೆ ದಾಟಿ ಬಂದ.

"ಸಾರ್, ನೀವು ಓಡಿಸ್ತೀರಾ?"

"ಇಲ್ಲಪ್ಪ. ನಂಗೆ ಹೊಲಿಗೆ ಮಿಷನ್ ಬಿಟ್ಟು ಬೇರೆ ಪೆಡಲ್ ಗೊತ್ತಿಲ್ಲ."

"ಹಾಗಾದ್ರೆ ಹಿಂದೆ ಕೂರ್ತೀರ!" ಎಂದು ನಕ್ಕ.

"ಹೂಂ. ರಾಜರು ಹಿಂದೆಯೇ ಕೂರೋದು. ಮುಂದೆ ಕೂರೋನು ಸಾರಥಿ." ಅಂದೆ. ಒಳಗಿಂದ ಇವಳು ಕೆಮ್ಮಿದಳು. ಮಾತು ವಾಪಸು ಪಡೆದೆ.

ಮಧ್ಯಾಹ್ನ ಸೀಟು ಬಿಚ್ಚಿದೆ. ಮುಂಭಾಗದ ಎರಡೂ ಅಂಚಿನಲ್ಲಿ ಫೋಮನ್ನು ಇಳಿಜಾರಾಗಿ ಸವರಿದೆ. ಸ್ವಲ್ಪ, ಇನ್ನೂ ಸ್ವಲ್ಪ. ಪ್ರತಿ ಸಲ ಇವಳು ಹತ್ತಿ ಕೂತು "ಊಹೂಂ" ಅನ್ನುತ್ತಾಳೆ. ಗಿರಾಕಿಗಳಿಗೆ ಎರಡು ಟ್ರಯಲ್, ಇವಳಿಗೆ ಲೆಕ್ಕವೇ ಇಲ್ಲ. ಐದನೆಯ ಸಲವೋ ಆರನೆಯ ಸಲವೋ ಬೂಟಿನ ಮುಂಭಾಗವಿಡೀ ನೆಲಕ್ಕೆ ಅಂಟಿತು. "ಹೂಂ" ಅಂದಳು. ಹೊಸ ಹೊದಿಕೆ ಕತ್ತರಿಸಿದೆ. ಎರಡು ಸಾಲು ಹೊಲಿಗೆ, ನೀರು ಇಳಿಯದಂತೆ ಒಳಗೆ ಪಟ್ಟಿ.

ಕೋಟು ಹೊಲಿದು ಹೆಸರು ಮಾಡಿದವನು. ಇಂದಿನಷ್ಟು ನೇರ ಹೊಲಿಗೆ ಕೋಟಿಗೂ ಬಿದ್ದಿರಲಿಲ್ಲ.

ಮಾರ್ಚ್ 11

ದಿನಾ ಬೆಳಗ್ಗೆ ಊರಾಚೆಯ ಖಾಲಿ ಮೈದಾನದಲ್ಲಿ ಅಭ್ಯಾಸ. ಬೇಕೆಂದೇ ಕೊಕ್ಕರೆಯನ್ನು ಮಲಗಿಸುತ್ತಾಳೆ. ಬೆನ್ನು ಕೊಟ್ಟು ನಿಂತು, ಮಂಡಿ ಬಗ್ಗಿಸಿ, ಹಿಡಿಯನ್ನು ತಿರುಗಿಸಿ ಎತ್ತುತ್ತಾಳೆ. ಮೊದಲ ದಿನ ಆಗಲಿಲ್ಲ. ನಾನು ಕೈಹಾಕಲು ಹೋದೆ.

"ಬೆಟ್ಟದ ಮೇಲೆ ನೀವಿರಲ್ಲ."

ಕೈ ಜೇಬಿಗಿಟ್ಟೆ. ಹೆಂಡತಿ ಒದ್ದಾಡುವಾಗ ಕೈ ಜೇಬಿನಲ್ಲಿಟ್ಟುಕೊಂಡು ನಿಲ್ಲುವುದಿದೆಯಲ್ಲ — ಬೈಕು ಎತ್ತುವುದಕ್ಕಿಂತ ಭಾರ. ಇವತ್ತು ಎತ್ತಿದಳು. ಎರಡು ಸಲ.

ಮಾರ್ಚ್ 15, ಬೆಳಗ್ಗೆ 7

ಹೊರಟಳು. ಹಿಂದೆ ಎರಡು ಖಾಲಿ ಪೆಟ್ಟಿಗೆ. ಅತ್ತೆ ಬಾಗಿಲಲ್ಲಿ ನಿಂತು, "ನಿಧಾನ ಕಣೇ" ಅಂದರು. ಅವಳು ತಿರುವಿನಲ್ಲಿ ಮರೆಯಾದ ಮೇಲೆ ನನ್ನ ಕಡೆ ತಿರುಗಿದರು. "ಹೊಲಿಗೆ ಬಿಗಿಯಾಗಿ ಹಾಕಿದೀರ ತಾನೆ ಅಳಿಯಂದ್ರೇ?"

ಅದೇ ದಿನ, ಮಧ್ಯಾಹ್ನ

ಒಬ್ಬ ಗಿರಾಕಿಯ ಕುತ್ತಿಗೆ ಅಳೆಯುತ್ತಿದ್ದೆ. ಫೋನು.

"ಮೇಲಿದೀನಿ."

ಅಷ್ಟೇ ಕೇಳಿಸಿತು. ಗಾಳಿಯ ಸದ್ದು. ಆಮೇಲೆ: "ದಿಣ್ಣೆ ದಾಟಿದೆ ರೀ. ಹೊಟ್ಟೆ ತಾಗಲೇ ಇಲ್ಲ. ಸಾಹೇಬರು ಜೀಪಲ್ಲಿ ಈಗಷ್ಟೇ ಬರ್ತಿದಾರೆ."

ಗಿರಾಕಿ ಕೆಮ್ಮತೊಡಗಿದ. ಟೇಪು ಅವನ ಕುತ್ತಿಗೆಗೆ ಬಿಗಿಯಾಗಿತ್ತು. ಕ್ಷಮೆ ಕೇಳಿ ಅವನಿಗೂ ವಿಷಯ ಹೇಳಿದೆ. ಆಮೇಲೆ ಬಂದವರಿಗೂ ಹೇಳಿದೆ. ಬೀಗದವನಿಗೆ ರಸ್ತೆಯ ಈ ಕಡೆಯಿಂದಲೇ ಕೂಗಿ ಹೇಳಿದೆ.

ಸಂಜೆ 5

ಬಂದಳು. ಎಡಮೊಣಕೈಯಲ್ಲಿ ಕೆಸರು. ಎಡ ಕನ್ನಡಿ ಒಳಕ್ಕೆ ತಿರುಗಿಕೊಂಡಿದೆ. ಅವಳ ಮುಖ ಮಾತ್ರ ಮೊದಲ ಸಂಬಳ ತಂದವಳ ಹಾಗೆ.

"ಇಳೀತಾ ಒಂದು ಕಡೆ ನೀರು ಹರೀತಿತ್ತು. ಬಿದ್ದೆ."

"ಅಯ್ಯೋ!"

"ಅಯ್ಯೋ ಅಲ್ಲ ರೀ, ಪೂರ್ತಿ ಕೇಳಿ. ಸಾಹೇಬರ ಜೀಪು ಹಿಂದೇನೇ ಇತ್ತು. ಇಳಿದು ಓಡಿ ಬಂದ್ರು. ಬರೋ ಹೊತ್ತಿಗೆ ಎತ್ತಿ ನಿಲ್ಲಿಸಿ ಮೇಲೆ ಕೂತಾಗಿತ್ತು."

"ಏನಂದ್ರು?"

"ಮೊದಲು ಪೆಟ್ಟಿಗೆ ಕಟ್ಟಿದ ಹಗ್ಗ ಎಳೆದು ನೋಡಿದ್ರು. ಆಮೇಲೆ, 'ಸೋಮವಾರದಿಂದ ಮೇಲಿನ ಸುತ್ತು ನಿಮ್ಮದು. ತಾರಸಿ ಹುಳಗಳಿಗೆ ಆ ಆರಡಿಯವನನ್ನ ಹತ್ತಿಸ್ತೀನಿ, ಅವನಿಗೆ ಏಣಿಯೂ ಬೇಡ' ಅಂದ್ರು."

ಅತ್ತೆ ಒದ್ದೆಬಟ್ಟೆ ತಂದರು. ಮಗಳ ಮೊಣಕೈ ಒರೆಸುತ್ತಾರೆಂದುಕೊಂಡೆ. ನೇರ ಹೊರಗೆ ಹೋಗಿ ಕೊಕ್ಕರೆಯ ಮೂತಿ ಒರೆಸಿದರು.

ನನ್ನ ಹೆಂಡತಿ. ಇನ್ನೊಂದು ಸಲ ಬರೆಯುತ್ತೇನೆ. ನನ್ನ ಹೆಂಡತಿ.

ಮಾರ್ಚ್ 22, ಶನಿವಾರ, ಬೆಟ್ಟದ ಮೇಲೆ

ರಜೆ ಹಾಕಿ ಜೊತೆಗೆ ಬಂದಿದ್ದೇನೆ. ಹಿಂದಿನ ಸೀಟಿನಲ್ಲಿ. ದಾರಿಯುದ್ದಕ್ಕೂ ಕಣ್ಣು ಮುಚ್ಚಿದ್ದರಿಂದ ಪ್ರಕೃತಿ ವರ್ಣನೆ ಸಾಧ್ಯವಿಲ್ಲ. ದಿಣ್ಣೆ ಬಂದಾಗ ಮಾತ್ರ ಕಣ್ಣು ಬಿಟ್ಟೆ. ಕೊಕ್ಕರೆ ಸೀರೆ ಎತ್ತಿಕೊಂಡು ಕೊಚ್ಚೆ ದಾಟುವವಳಂತೆ ದಾಟಿತು.

ಹೂಬಿಟ್ಟಿದೆ. ಬಿಳಿ, ಹಳದಿ. ಇವಳು ನಾನೇ ಹೊಲಿದ ಬಿಳಿ ಅಂಗಿ, ಮುಖಪರದೆ ತೊಟ್ಟು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋಗುತ್ತಿದ್ದಾಳೆ. ಜೇನು ಸಾಕುವವರು ಸುತ್ತ ನಿಂತು ಕೇಳುತ್ತಿದ್ದಾರೆ. ಅವರಲ್ಲೊಬ್ಬರು ವಯಸ್ಸಾದವರು, ನಾನು ಕೂತ ಕಲ್ಲಿನ ಹತ್ತಿರ ಬಂದರು. ಎಮ್ಮೆಯನ್ನು ಎತ್ತಿದವರಲ್ಲಿ ಇವರೂ ಒಬ್ಬರಂತೆ.

"ನೀವು ಮೇಡಮ್ಮಿನ ಡ್ರೈವರಾ?"

"ಅಲ್ಲಣ್ಣ. ಲಗೇಜು."

ಅವರು ನಗಲಿಲ್ಲ. ಕೊಕ್ಕರೆಯ ಸುತ್ತ ಒಂದು ಸುತ್ತು ಬಂದರು. ಸೀಟಿನ ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸಿದರು. "ಕಂಪನಿಯವರು ಇಷ್ಟು ಚೆನ್ನಾಗಿ ಹೊಲೀತಾರಾ?" ಅಂದರು. ನಾನು ಬಾಯಿ ತೆರೆದೆ. ಇಷ್ಟು ಹೊತ್ತಿನ ಜಂಬವೆಲ್ಲ ಇವಳದು, ಇದೊಂದು ಚೂರು ನನ್ನದು. ಅಷ್ಟರಲ್ಲಿ —

"ರೀ!"

ಕೆಲಸ ಮುಗಿದಿದೆ. ಪರದೆ ತೆಗೆದು ಹೆಲ್ಮೆಟ್ಟು ಹಾಕಿಕೊಂಡಿದ್ದಾಳೆ. ಬಂದ ದಾರಿಯ ಕಡೆ ನೋಡುತ್ತಿಲ್ಲ. ಬೆಟ್ಟದ ಆ ಬದಿಗೆ ಇಳಿಯುವ ದಾರಿಯ ಕಡೆ ಕೈ ತೋರಿಸುತ್ತಿದ್ದಾಳೆ.

"ಆ ಕಡೆ ಇಳಿದ್ರೆ ಹೆದ್ದಾರಿ. ಕತ್ತಲಾಗೋದ್ರೊಳಗೆ ಸಮುದ್ರ ಸಿಗುತ್ತಂತೆ. ನಾಳೆ ಭಾನುವಾರ. ಬರ್ತೀರಾ?"

"ಬಟ್ಟೆ ತಂದಿಲ್ಲವಲ್ಲೇ!"

"ಟೈಲರ್ ಕಣ್ರೀ ನೀವು. ಎಲ್ಲಾದ್ರೂ ಹೊಲ್ಕೊಳ್ಳಿ."

ಎಂಜಿನ್ ಶುರುವಾಯಿತು. ಅತ್ತೆಗೆ ಫೋನು ಮಾಡಬೇಕು. ಅಂಗಡಿ ಬಾಗಿಲಿಗೆ ಏನಾದರೂ ನೆಪ ಬರೆದು ಅಂಟಿಸಬೇಕಿತ್ತು. ಎರಡು ಪ್ಯಾಂಟು ಅರ್ಧದಲ್ಲೇ ಇವೆ, ಗಿರಾಕಿಗಳು ಸೋಮವಾರ ಬಂದು ಕೇಳಿದರೆ ಏನು ಹೇಳಲಿ — ಹೇಳುವುದೇನು, ಇದ್ದದ್ದನ್ನೇ ಹೇಳುತ್ತೇನೆ. ನನ್ನ ಹೆಂಡತಿ ನನ್ನನ್ನು ಕೂರಿಸಿಕೊಂಡು ಸಮುದ್ರಕ್ಕೆ — ಹಾರ್ನು ಹೊಡೆಯುತ್ತಿದ್ದಾಳೆ, ಹೊರಟೆ.